ಇಳಿಯದ ಕೈ

ನಾನೊಂದು ಉಕ್ಕಿನ ಸರಳು. ಗೇಣುದ್ದ, ಬೆರಳು ದಪ್ಪ. ಹುಬ್ಬಳ್ಳಿಯ ಲೇಥಿನಲ್ಲಿ ಹುಟ್ಟಿದಾಗ ಯಾವುದೋ ದೊಡ್ಡಮನೆಯ ಚಿಲಕವಾಗುತ್ತೇನೆಂದು ಬೀಗಿದ್ದೆ. ಧಾರವಾಡದ ಒಂದು ಫಾರ್ಮಸಿ ಕಾಲೇಜಿನವರು ನನ್ನನ್ನು ಎರಡು ಗೂಟಗಳ ಮೇಲೆ ಅಡ್ಡ ಕೂರಿಸಿ, ಇಲಿಗಳ ಮುಂಗಾಲು ಇಡುವ ಕಂಬಿ ಮಾಡಿಬಿಟ್ಟರು. ಆರೋಗ್ಯವಂತ ಇಲಿ ತಕ್ಷಣ ಇಳಿಯುತ್ತದೆ. ಔಷಧಿಯಿಂದ ಮೈ ಬಿಗಿದ ಇಲಿ ಇಟ್ಟ ಹಾಗೇ ನಿಲ್ಲುತ್ತದೆ. ಎಷ್ಟು ಸೆಕೆಂಡಿಗೆ ಇಳಿಯಿತೆಂದು ಬರೆದುಕೊಳ್ಳುತ್ತಾರೆ.

ಸಂಶೋಧಕಿ ಪ್ರಮೀಳಾಳ ಕೈಗೆ ಬಂದ ಮೇಲೆ ನನ್ನ ನೆಮ್ಮದಿ ಹೋಯಿತು. ಅವಳ ತಾಯಿ ನೀಲವ್ವನಿಗೆ ಕಿವಿಯಲ್ಲಿ ಯಾರೋ ಬೈದಂತೆ ಕೇಳುವ ಕಾಯಿಲೆ. ಅದನ್ನು ಅಡಗಿಸಿದ ಮಾತ್ರೆಯೇ ಅವಳ ಮೈಯನ್ನು ಪಾರ್ಕಿನ್ಸನ್ ರೋಗಿಯಂತೆ ಮರಗಟ್ಟಿಸಿತ್ತು. ಮಾತ್ರೆ ಬದಲಿಸಿದರೂ ನಿಲ್ಲಿಸಿದರೂ ಬೈಗುಳ ಮರಳಿ ಬರುತ್ತಿತ್ತು. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ತಟ್ಟುವ ಬಾಗಿಲುಗಳಿಗೆ ಅಗುಳಿ ಹಾಕುವ ಇನ್ನೊಂದು ಔಷಧಿ ಕೊಟ್ಟರೆ ಬಿಗಿತ ಸಡಿಲವಾದೀತೆ? ಪ್ರಮೀಳಾ ಇಲಿಗಳಲ್ಲಿ ಹುಡುಕುತ್ತಿದ್ದುದು ಇದನ್ನೇ.

ಎರಡೂ ಔಷಧಿ ಕೊಟ್ಟ ಇಲಿಯನ್ನು ನನ್ನ ಮೇಲಿಟ್ಟು, ಅವಳು ಮುಖ ಹತ್ತಿರ ತಂದು ಅಂಗಲಾಚುತ್ತಿದ್ದಳು: "ಇಳಿ ನಮ್ಮವ್ವಾ, ಇಳಿ." ಧಾರವಾಡದ ಕಡೆ ಹಸುಗೂಸನ್ನೂ ಕರುವನ್ನೂ ಹೀಗೇ ರಮಿಸುತ್ತಾರೆ. ಇಲಿಗಳು ಇಳಿದವು. ಇಪ್ಪತ್ತು ಸೆಕೆಂಡು, ಹದಿನೆಂಟು. ಅವಳು ನಗುತ್ತಲೇ ಅತ್ತಳು.

ಇಲಿಮನೆ ನೋಡಿಕೊಳ್ಳುವ ಗದಿಗೆಪ್ಪ ತಲೆ ಕೆರೆದುಕೊಂಡ. "ಸಿಟ್ಟಾಗಬ್ಯಾಡ್ರಿ ಮೇಡಂ. ನೀವು ನಮ್ಮವ್ವಾ ಅಂದಾಗೊಮ್ಮೆ ನಿಮ್ಮ ಉಸಿರು ಅದರ ಮೀಸಿಗೆ ಬಡೀತೈತಿ. ಅದಕ್ಕ ಇಳೀತಾವು."

"ಔಷಧಿಗೆ ಅಲ್ಲೇನು?"

"ಒಮ್ಮೆ ದೂರ ನಿಂತು ನೋಡ್ರಲಾ."

ಹೊಸ ಇಲಿಗಳು ಬಂದವು. ಅವಕ್ಕೂ ಎರಡೂ ಔಷಧಿ ಕೊಟ್ಟು, ಅವಳು ಮಾಸ್ಕ್ ಕಟ್ಟಿ ಮಾರು ದೂರ ನಿಂತಳು. ಮೂರು ನಿಮಿಷವಾದರೂ ಒಂದೂ ಇಳಿಯಲಿಲ್ಲ. ಹಳೆಯ ಹಾಳೆಗಳಿಗೆಲ್ಲ ತಾನೇ ಅಡ್ಡಗೆರೆ ಎಳೆದಳು. ನನ್ನ ಕರುಳು ಚುರುಕ್ ಎಂದಿತು. ಉಕ್ಕಿಗೆಲ್ಲಿಯ ಕರುಳು ಎಂದು ನಗಬೇಡಿ.

ಇಲಿ ಇಳಿಯುವ ಹೊತ್ತನ್ನು ತಾನೇ ಅಳೆಯುವ ಕ್ಯಾಮೆರಾದ ಯಂತ್ರ ಬಂದು ನಾನು ಗುಜರಿಯ ಪಾಲಾದಾಗ, ಪ್ರಮೀಳಾ ನನ್ನನ್ನು ಚೀಲದಲ್ಲಿ ಮನೆಗೆ ತಂದಳು. ಅವಳ ಮನೆಯ ಕಿಟಕಿಯಲ್ಲಿ ನನಗೆ ಮುಪ್ಪು ಬಂತು.

ಒಂದು ಮಧ್ಯಾಹ್ನ ನೀಲವ್ವ ಕೈ ಚಾಚಿ ನನ್ನನ್ನು ಹಿಡಿದಳು. ಹಿಡಿದದ್ದನ್ನು ಬಿಡಲಾಗಲಿಲ್ಲ. ಪ್ರಮೀಳಾಳ ಕಣ್ಣು ರೂಢಿಯಂತೆ ಗಡಿಯಾರಕ್ಕೆ ಹೋಯಿತು. ಮೂರು ನಿಮಿಷ ದಾಟಿತು. ಅವಳು ಬಂದು, ಬಾಗಿ, ತಾಯಿಯ ಬೆರಳುಗಳ ಮೇಲೆ ಮೆಲ್ಲನೆ ಊದಿದಳು.

"ಬಿಡು ನಮ್ಮವ್ವಾ, ಬಿಡು."

ಬೆರಳು ಕದಲಲಿಲ್ಲ. ಒಂದೊಂದಾಗಿ ಅವಳೇ ಬಿಡಿಸಿದಳು.

ಸಾವಿರ ಇಲಿಗಳು ನನ್ನ ಮೇಲೆ ಎಷ್ಟೆಷ್ಟು ಹೊತ್ತು ನಿಂತವೆಂದು ಅವಳ ವಹಿಯಲ್ಲಿದೆ. ಈ ಕೈಯದನ್ನು ಅವಳು ಬರೆಯಲಿಲ್ಲ.