ಹತ್ತು ಗಂಟೆಯ ಪೂಜೆಯವರು

ಚರ್ಚಿನಲ್ಲಿ ಪೀಠದ ಮೆಟ್ಟಿಲು ಹತ್ತಲು ಹೊರಟಿದ್ದ ಹೆಂಗಸಿನ ಮೊಣಕೈಯನ್ನು ಅವಳು ಹಿಡಿದು ನಿಲ್ಲಿಸಿದಳು.

"ನೀವು ಓದೋದು ಬೇಡ. ನನ್ನ ಗಂಡನ ಸಾವಿನ ಪೂಜೆ ಪೂರ್ತಿ ನಮ್ಮ ಭಾಷೆಯಲ್ಲೇ ಆಗ್ಲಿ."

"ಬೈಬಲಿನ ಒಂದೇ ಒಂದು ವಾಚನ, ಅಕ್ಕಾ." ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವ ಆ ಹೆಂಗಸು ತನಗೆ ಬಂದಷ್ಟು ಭಾಷೆಯಲ್ಲಿ ಬೇಡಿದಳು. "ಮೈಕಣ್ಣ ನಮ್ಮೋರು ಕೂಡ."

ನಮ್ಮೋರು! ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವಳು ತಾನು. ಈ ಲಾಂಡ್ರಿಯವಳ ಕಣ್ಣು ತನ್ನ ಕಣ್ಣಿಗಿಂತ ಹೆಚ್ಚು ಊದಿಕೊಂಡಿತ್ತು. ಅದನ್ನು ಕಂಡು ಅವಳು ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದಳು.

ಪಾದ್ರಿ ಇಬ್ಬರನ್ನೂ ನೋಡಿದರು. "ಮನೆಯವರು ಹೇಳಿದ ಹಾಗೇ ಆಗ್ಲಿ," ಎಂದರು. ಲಾಂಡ್ರಿಯವಳು ಪುಸ್ತಕ ಮುಚ್ಚಿಕೊಂಡು ಹಿಂದಿನ ಬೆಂಚಿಗೆ ಹೋದಳು.

"ಓದಿದ್ರೆ ನಮ್ಮ ಗಂಟೇನು ಹೋಗ್ತಿತ್ತು, ಅತ್ತಿಗೆ?" ಎಂದು ಮೈದುನ ಪಿಸುಗುಟ್ಟಿದ.

"ನಿಮಗೆ ಗೊತ್ತಿಲ್ಲ. ಸುಮ್ನಿರಿ."

* * *

ಆ ಚರ್ಚಿನಲ್ಲಿ ಭಾನುವಾರ ಎರಡು ಪೂಜೆ. ಎಂಟು ಗಂಟೆಯದು ಊರಿನ ಹಳಬರದು. ಹತ್ತು ಗಂಟೆಯದು ಗಿರಣಿ ಕೆಲಸಕ್ಕೆಂದು ದೂರದಿಂದ ಬಂದು ನೆಲೆಸಿದವರದು, ಅವರ ಭಾಷೆಯಲ್ಲಿ; ಲಾಂಡ್ರಿಯವಳೂ ಅವರಲ್ಲೊಬ್ಬಳು. ಗೇಟಿನಲ್ಲಿ ಎದುರಾದಾಗ ತಲೆಯಾಡಿಸುವುದು ಬಿಟ್ಟರೆ ಇವರಿಗೂ ಅವರಿಗೂ ಮಾತಿಲ್ಲ. ಎರಡು ಪೂಜೆಗೂ ಇರುತ್ತಿದ್ದವನು ಅವಳ ಗಂಡನೊಬ್ಬನೇ. ವಾರವೆಲ್ಲ ಮೋಟಾರು ರಿಪೇರಿ, ಭಾನುವಾರ ಚರ್ಚಿನ ಮೈಕು ನೋಡಿಕೊಳ್ಳುವುದು; ಅದಕ್ಕೇ ಹತ್ತು ಗಂಟೆಯವರಿಗೆ ಅವನು ಮೈಕಣ್ಣ.

ಅವನಿಗೆ ಉಗ್ಗು. ಹೆಣ್ಣು ನೋಡಲು ಬಂದ ದಿನ ತನ್ನ ಹೆಸರಿನ ಮೊದಲಕ್ಷರದಲ್ಲೇ ಸಿಕ್ಕಿಬಿದ್ದಿದ್ದ. ಹೆಸರನ್ನು ಪೂರ್ತಿ ಮಾಡಿದವಳು ಅವಳೇ. ಅಂದಿನಿಂದ ಡಾಕ್ಟರ ಬಳಿ, ಅಂಗಡಿಯಲ್ಲಿ, ಮನೆಯಲ್ಲಿ ಅವನ ಮಾತುಗಳನ್ನೆಲ್ಲ ಮುಗಿಸುತ್ತ ಬಂದಳು. ತಾನಿಲ್ಲದಿದ್ದರೆ ಈ ಮನುಷ್ಯನಿಗೆ ಬಾಯಿಯೇ ಇಲ್ಲ ಎಂಬ ಹೆಮ್ಮೆ ಅವಳಿಗೆ.

ಆರು ವರ್ಷದ ಹಿಂದೆ ಒಂದು ಭಾನುವಾರ ಅವನು ಬಿ.ಪಿ. ಮಾತ್ರೆ ಮರೆತು ಹೋಗಿದ್ದ. ಕೊಟ್ಟು ಬರೋಣವೆಂದು ಅವಳು ಹೋದಾಗ ಹತ್ತು ಗಂಟೆಯ ಪೂಜೆ ನಡೆಯುತ್ತಿತ್ತು. ಅಂಗಳದ ಸ್ಪೀಕರಿನಲ್ಲಿ ಯಾರೋ ವಾಚನ ಓದುತ್ತಿದ್ದರು. ಅರ್ಥವಾಗದ ಭಾಷೆ, ಆದರೆ ನೀರು ಹರಿದಂಥ ಓದು. ಯಾರಪ್ಪಾ ಇಷ್ಟು ಚೆನ್ನಾಗಿ ಓದೋರು ಎಂದು ಬಾಗಿಲಲ್ಲಿ ಇಣುಕಿದಳು.

ಓದುತ್ತಿದ್ದವನು ಅವಳ ಗಂಡ. ಎಲ್ಲೂ ತಡವರಿಸಲಿಲ್ಲ. ಓದು ಮುಗಿಸಿ ಏನೋ ಒಂದು ಮಾತು ಸೇರಿಸಿದ. ಇಡೀ ಚರ್ಚು ನಕ್ಕಿತು.

ಅವಳು ಮಾತ್ರೆ ಕೊಡದೆ ಹಾಗೇ ಮನೆಗೆ ಬಂದಳು. ಮಧ್ಯಾಹ್ನ ಅವನು ಕಪಾಟಿನ ಮುಂದೆ ನಿಂತು, "ಮ... ಮ..." ಎಂದ.

"ಮಾತ್ರೆ ತಾನೆ? ತಗೊಳ್ಳಿ."

ಅವನು ತಲೆಯಾಡಿಸಿದ. ಅಂದಿನಿಂದ ಆ ಭಾಷೆ ಅವಳಿಗೆ ಸವತಿಯಾಯಿತು. ಭಾನುವಾರ ಅವನು ಬರುವಷ್ಟರಲ್ಲಿ ಅವಳು ಬೇಕೆಂದೇ ಊಟ ತಣ್ಣಗಾಗಲು ಬಿಟ್ಟಿರುತ್ತಿದ್ದಳು. ಅವನೂ ಬಿಸಿ ಮಾಡಿಕೊಡೆಂದು ಕೇಳಲಿಲ್ಲ.

* * *

ಮಣ್ಣು ಮುಚ್ಚಿದ್ದಾಯಿತು. ಎಂಟು ಗಂಟೆಯವರು ಅವಳ ಕೈಹಿಡಿದು ಸಮಾಧಾನ ಹೇಳಿ ಚದುರಿದರು. ಸ್ಮಶಾನದ ಗೋಡೆಯ ಬಳಿ ಹತ್ತು ಗಂಟೆಯವರು ನಲವತ್ತು ಜನ ಮಾತ್ರ ಹತ್ತಿರವೂ ಬಾರದೆ, ಹೊರಟೂ ಹೋಗದೆ ನಿಂತಿದ್ದರು.

"ಬನ್ನಿ ಅತ್ತಿಗೆ. ನೀವು ಹೋಗ್ಲಿ ಅಂತ ಕಾಯ್ತಿದ್ದಾರೆ ಪಾಪ," ಎಂದ ಮೈದುನ.

"ನಾನು ಹೋದ್ಮೇಲೆ ಏನ್ಮಾಡ್ತಾರೆ?"

"ಓದ್ತಾರೆ. ಅಣ್ಣನ್ನ ಮಾತಾಡಿಸ್ತಾರೆ. ಇನ್ನೇನು."

ಎರಡು ಹೆಜ್ಜೆ ಇಟ್ಟವಳು ನಿಂತಳು. ಲಾಂಡ್ರಿಯವಳನ್ನು ಕೈಸನ್ನೆ ಮಾಡಿ ಕರೆದಳು.

"ನಿಮ್ಮ ಹತ್ರ ಅವರು ಉಗ್ಗುತ್ತಿರಲಿಲ್ವಾ?"

ಆ ಮಾತು ಲಾಂಡ್ರಿಯವಳಿಗೆ ತಿಳಿಯಲಿಲ್ಲ. ಇವಳು ಜೀವನದಲ್ಲಿ ಮೊದಲ ಸಲ ಗಂಡನ ಹಾಗೆ ಉಗ್ಗಿ ತೋರಿಸಿದಳು: "ಮ... ಮ... ಅಂತ."

"ಮೈಕಣ್ಣನಾ?" ಲಾಂಡ್ರಿಯವಳು ಅಳುತ್ತಲೇ ನಕ್ಕುಬಿಟ್ಟಳು. "ಇಲ್ಲಕ್ಕಾ! ಅವ್ರ ಬಾಯಿ ಮುಚ್ಸೋದೇ ನಮಗೆ ಕಷ್ಟ."

ಅವಳು ಗಂಡನ ಗೋರಿಯ ಬಳಿಗೆ ತಿರುಗಿ ಬಂದಳು.

"ಓದಿ," ಎಂದಳು.

"ಗಾಡಿ ಕಾಯ್ತಿದೆ, ಅತ್ತಿಗೆ."

"ಕಾಯ್ಲಿ. ಇವರ ಜೊತೆ ನಮ್ಮನೆಯವರೊಬ್ಬರನ್ನೇ ಬಿಟ್ಟು ನಾನು ಬರಲ್ಲ."

ಪಕ್ಕದ ಗೋರಿಯ ಸಿಮೆಂಟು ಕಟ್ಟೆಯ ಮೇಲೆ ಕುಳಿತಳು. ನಲವತ್ತು ಜನ ಮೆಲ್ಲಗೆ ಬಂದು ಸುತ್ತ ನಿಂತರು. ಲಾಂಡ್ರಿಯವಳು ತಮ್ಮ ಭಾಷೆಯಲ್ಲಿ ಓದಿದಳು, ಓದಿ ಮುಗಿಸಿ, ಮಣ್ಣಿನತ್ತ ಬಾಗಿ ಏನೋ ಹೇಳಿದಳು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾ ಒಮ್ಮೆಲೇ ನಕ್ಕರು. ನಗುವವರ ನಡುವೆ ಅವಳೊಬ್ಬಳು ಚಪ್ಪಲಿಯ ಕಾಲನ್ನು ಹಸಿ ಮಣ್ಣಿಗೆ ಒತ್ತಿಕೊಂಡು, ತಿಳಿಯದ ಆ ಮಾತನ್ನು ಹಿಡಿಯಲೆಂಬಂತೆ ಒಂದೊಂದೇ ಬಾಯಿಯನ್ನು ದಿಟ್ಟಿಸುತ್ತಾ ಕೂತಿದ್ದಳು.