ಎಂಟುನೂರು ಸ್ಕ್ರೂಗಳ ಮಡಿ

ಚೆನ್ನೈ ಅಂಬತ್ತೂರಿನ ನಮ್ಮ ವರ್ಕ್‌ಶಾಪಿನಲ್ಲಿ ಬೆನ್ನುಮೂಳೆಗೆ ಹಾಕುವ ಟೈಟಾನಿಯಂ ಸ್ಕ್ರೂಗಳು ತಯಾರಾಗುತ್ತವೆ. ದುಡಿಯುವವರು ಹತ್ತು ಜನ, ಹೆಸರು ಮಾತ್ರ ಮಾಲೀಕ ಉಪೇಂದ್ರರದು. ತಯಾರಾದದ್ದನ್ನು ಪರೀಕ್ಷಿಸಿ ಸಹಿ ಹಾಕುವವಳು ನಾನು, ದಾಕ್ಷಾಯಿಣಿ. ನನ್ನ ಸಹಿಯಿಲ್ಲದೆ ಒಂದು ಸ್ಕ್ರೂ ಕೂಡ ಗೇಟು ದಾಟುವಂತಿಲ್ಲ. ಉಪೇಂದ್ರರಿಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳು.

ಅಂಚು ಉಜ್ಜಿ, ಹೊಳಪು ಕೊಟ್ಟು, ಆಸಿಡ್ಡಿನಲ್ಲಿ ಅದ್ದಿ, ಕೊನೆಗೆ ಗಾಜಿನ ಕೋಣೆಯಲ್ಲಿ ತೊಳೆದ ಸ್ಕ್ರೂಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಗೌನು, ಟೊಪ್ಪಿಗೆ, ಮಾಸ್ಕು, ಗ್ಲೌಸು ಇಲ್ಲದೆ ಆ ಕೋಣೆಯೊಳಗೆ ಕಾಲಿಡಬಾರದು. ಬಾಗಿಲ ಮೇಲೆ ಇದನ್ನು ಮೂರು ಭಾಷೆಯಲ್ಲಿ ಬರೆಸಿದವರು ಉಪೇಂದ್ರರೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಆಯುಧಪೂಜೆಗೆ ಶೋಳಿಂಗನಲ್ಲೂರಿನಿಂದ ಅವರ ನೆಂಟರು ಬಂದಿದ್ದರು. ಉಪೇಂದ್ರರು ವಡೆ ಮೆಲ್ಲುತ್ತಲೇ ಗಾಜಿನ ಕೋಣೆಗೆ ನುಗ್ಗಿದರು. ಟ್ರೇಯಲ್ಲಿದ್ದ ಎಂಟುನೂರು ಸ್ಕ್ರೂಗಳಲ್ಲಿ ಕೈಯಾಡಿಸಿ, ಕಡಲೆಕಾಳಿನ ಹಾಗೆ ಒಂದು ಹಿಡಿ ಎತ್ತಿ ಅವರಿಗೆ ತೋರಿಸಿದರು.

"ಸಾರ್, ಅಷ್ಟೂ ಮತ್ತ ತೊಳೀಬೇಕ್ರೀ," ಎಂದೆ.

"ಏನ್ಮಾ, ಹಬ್ಬದ ದಿನ ವಂಬು, ತಕರಾರು ಮಾಡ್ತೀಯಾ? ಸಾಯಂಕಾಲ ಲಾರಿ ಬರತ್ತೆ. ಆಸ್ಪತ್ರೇಲಿ ಅವರೇ ಸ್ಟೆರಿಲೈಸ್ ಮಾಡ್ಕೋತಾರೆ."

"ಕ್ರಿಮಿ ಸಾಯ್ತಾವ್ರೀ, ವಡೀ ಎಣ್ಣಿ ಹೋಗಂಗಿಲ್ಲ."

"ಸೈನ್ ಹಾಕು. ಆಗಲ್ಲಾಂದ್ರೆ ನಾಳೆಯಿಂದ ಬರಬೇಡ."

ನಮ್ಮ ಮನೆ ನಡೆಯುವುದೇ ಈ ಕೆಲಸದಿಂದ. ಆದರೂ ಪೆನ್ನು ಮುಟ್ಟಲಿಲ್ಲ. ಯಾರದೋ ಬೆನ್ನಿನಲ್ಲಿ ಜೀವ ಇರುವತನಕ ಇರಬೇಕಾದ ಸ್ಕ್ರೂ ಅದು.

ಗಲಾಟೆ ಕೇಳಿ, ಹೊರಗೆ ಪೂಜೆ ಮುಗಿಸಿದ್ದ ಉಪೇಂದ್ರರ ತಾಯಿ ರಮಾಬಾಯಿ ಬಂದರು. ಮಡಿಯುಟ್ಟವರು, ನಾವೆಲ್ಲ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟೆವು. ಅವರಿಗೆ ಟೈಟಾನಿಯಂ ಪುರಾಣ ಹೇಳಿ ಏನು ಪ್ರಯೋಜನ? "ಅಮ್ಮಾರ, ಇದು ಮಡಿ ಕೋಣಿ. ತೊಳದಿಟ್ಟಿದ್ದಕ್ಕ ಸಾರ್ ಎಂಜಲ ಕೈ ಹಾಕ್ಯಾರ," ಎಂದೆ.

ಆ ಮುಖ ನೋಡಬೇಕಿತ್ತು!

"ಉಪೇಂದ್ರಾ! ಎಂಜಲು ಕೈಯಲ್ಲಿ ಮುಟ್ಟಿದ್ಯೇನೋ? ಅಷ್ಟೂ ತೊಳೀಬೇಕು!"

ಇನ್‌ಸ್ಪೆಕ್ಟರುಗಳು ಬಾಯಿ ಬಡಿದುಕೊಂಡರೂ ಕೇಳದ ಉಪೇಂದ್ರರು ಲಾರಿಯವನಿಗೆ ಫೋನು ಮಾಡಿ ನಾಳೆ ಬಾ ಎಂದರು. ನಾನು ಗೆದ್ದೆನೆಂದು ಬೀಗುತ್ತ ಗೌನು ಎತ್ತಿಕೊಂಡೆ.

"ತೊಳೆಯೋದು ನೀನಾ?" ರಮಾಬಾಯಿ ತಡೆದರು. "ನೀವು ಯಾವ ಜನ?"

"ಲಿಂಗಾಯತರ್ರೀ."

ಅವರು ಮಗನ ಕಡೆ ತಿರುಗಿದರು. "ಕೈಕಾಲು ತೊಳಕೊಂಡು ಬಾ. ನೀನೇ ತೊಳಿ."

ಮೈಯೆಲ್ಲ ಉರಿಯಿತು. ಆರು ವರ್ಷದಿಂದ ಆ ಕೋಣೆಯನ್ನು ಚೊಕ್ಕಟವಾಗಿಟ್ಟ ಕೈಗೆ ಜಾತಿ ಕೇಳಿದ್ದರು. ಆದರೇನು? ಯಾರೇ ತೊಳೆದರೂ ಸರಿಯಾಯಿತೋ ಇಲ್ಲವೋ ಎಂದು ಹೇಳಬೇಕಾದವಳು ನಾನಲ್ಲವೇ? ಗಾಜಿನ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತೆ.

ಗೌನು, ಟೊಪ್ಪಿಗೆಯೊಳಗೆ ಉಪೇಂದ್ರರು ಬೆವೆತುಹೋದರು. ಅರ್ಧ ತೊಳೆದಾಗ ಗ್ಲೌಸಿನ ಕೈಯಿಂದಲೇ ಮೂಗು ತುರಿಸಿಕೊಂಡರು. ನಾನು ಗಾಜು ತಟ್ಟಿದೆ.

"ಸಾರ್, ಮೂಗು ಮುಟ್ಟಿದ್ರಿ. ಮೊದಲಿಂದ."

ಅವರು ಆಸೆಯಿಂದ ತಾಯಿಯ ಮುಖ ನೋಡಿದರು.

"ಮೊದಲಿಂದ್ಲೇ ಕಣೋ," ಎಂದರು ರಮಾಬಾಯಿ.

ಮರುದಿನ ಸ್ಕ್ರೂಗಳನ್ನು ಪರೀಕ್ಷಿಸಿ ಸಹಿ ಹಾಕಿದೆ. ಒಂದರಲ್ಲೂ ಕಲೆಯಿರಲಿಲ್ಲ. ಒಟ್ಟು ನಾಲ್ಕು ಸಲ ಗಾಜು ತಟ್ಟಿದ್ದೆ. ಅವರು ಮೂಗು ಮುಟ್ಟಿದ್ದು ಎರಡೇ ಸಲ.