ಲಾಲಿಯೊನ ಸಪ್ಪೆ ಸಾರು

ಮಣಿನಗರದ ಆ ರೈಲ್ವೆ ಕ್ವಾರ್ಟರ್ಸಿನಲ್ಲಿ ರಾಗಿಮುದ್ದೆ ತಿನ್ನುತ್ತಿದ್ದವರು ಇಬ್ಬರೇ: ನಾಯಿ ಲಾಲಿಯೊ ಮತ್ತು ಇಂದುಮತಿ. ಗಂಡ ಹರಿಪ್ರಸಾದ ಮಂಡ್ಯದವನೇ ಆದರೂ ಇಲ್ಲಿಗೆ ವರ್ಗವಾಗಿ ಬಂದಮೇಲೆ ಇಲ್ಲಿಯವರ ಗೋಧಿ ಚಪಾತಿ ರೋಟ್ಲಿಗೆ ಒಗ್ಗಿಹೋಗಿದ್ದ. ಇಲ್ಲೇ ಬೆಳೆದ ಮಗಳಿಗಂತೂ ಮುದ್ದೆ ಕಂಡರೆ ನಗು. ತನಗೊಬ್ಬಳಿಗೇ ಅಂತ ಒಲೆ ಹಚ್ಚಲು ಯಾವ ಹೆಂಗಸಿಗೆ ತಾನೆ ಮನಸ್ಸು ಬರುತ್ತದೆ! ಪ್ಯಾಕೆಟ್ಟಿನ ಆಹಾರ ಲಾಲಿಯೊಗೆ ಹಿಡಿಸದೆ, ಉಪ್ಪು ಖಾರವಿಲ್ಲದ ಮನೆ ಅಡುಗೆ ಕೊಡಿ ಎಂದು ಡಾಕ್ಟರು ಹೇಳಿದ್ದೇ ಅವಳಿಗೆ ನೆಪವಾಯಿತು. ಮುದ್ದೆ ಕಟ್ಟಿ, ಕುಂಬಳಕಾಯಿಯ ಸಪ್ಪೆ ಸಾರು ಹುಯ್ದು ಅವನಿಗಿಟ್ಟು, ಉಳಿದದ್ದನ್ನು ಅವನ ಪಕ್ಕದಲ್ಲೇ ಕೂತು ನುಂಗುತ್ತಿದ್ದಳು. ಸಪ್ಪೆಯಾದರೇನು, ಊರಿನ ರಾಗಿ.

ಹೋದ ವಾರ ಲಾಲಿಯೊ ತೀರಿಕೊಂಡ. ಇವತ್ತು ಊರಿಂದ ರಾಗಿಹಿಟ್ಟು ಬಂತು. ಸಾರು ಕುದಿಯಲಿಟ್ಟು ಮುದ್ದೆ ತೊಳಸುತ್ತಿದ್ದವಳನ್ನು ಹರಿಪ್ರಸಾದ ಕೇಳಿದ:

“ನಾಯೀನೇ ಇಲ್ವಲ್ಲೇ, ಯಾರಿಗೆ ಇದು?”

“ನಂಗೆ.”

ಅವನು ಉಪ್ಪಿನ ಡಬ್ಬಿ ತೆಗೆದು ಮುಂದೆ ಹಿಡಿದ.

“ಉಪ್ಪಿಗಿಂತ ರುಚಿಯಿಲ್ಲ ಅಂತಾರೆ. ಇನ್ಮೇಲಾದ್ರೂ ಹಾಕ್ಕೊಂಡು ತಿನ್ನು.”

ಅವಳು ಚಿಟಿಕೆ ಉಪ್ಪು ತೆಗೆದುಕೊಂಡಳು. ಮೂಲೆಯಲ್ಲಿ ಬೋರಲು ಹಾಕಿದ್ದ ಲಾಲಿಯೊನ ತಟ್ಟೆಯನ್ನು ನೋಡಿದಳು. ಉಪ್ಪನ್ನು ಮತ್ತೆ ಡಬ್ಬಿಗೇ ಉದುರಿಸಿದಳು.

“ಬೇಡ. ಉಪ್ಪು ಬಿದ್ರೆ ಇದರ ರುಚಿ ಕೆಡುತ್ತೆ.”